ಹಗ್ಗದ ಆ ತುದಿಯ ಅಕ್ಕ

ಅವಳ ಬೆರಳ ತುದಿಗಳು ಬಹಳ ಹೊತ್ತು ನೀರಿನಲ್ಲಿದ್ದು ಬಂದವರ ಬೆರಳಿನಂತೆ ಯಾವಾಗಲೂ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ನಮ್ಮ ಬೆರಳುಗಳಾದರೆ ಅರ್ಧ ಗಂಟೆಯಲ್ಲಿ ಮೊದಲಿನಂತಾಗುತ್ತವೆ. ಅವಳವು ಆಗುತ್ತಿರಲಿಲ್ಲ. ಉಗುರುಗಳ ಅಂಚು ಕರಗಿಹೋದಂತೆ ಮೊಟಕಾಗಿತ್ತು. ಅಂಗೈಯಲ್ಲಿ ಅಲ್ಲಲ್ಲಿ ಚರ್ಮ ಸುಲಿದು ಒಳಗಿನ ತಿಳಿಗೆಂಪು ಕಾಣುತ್ತಿತ್ತು. ಚಾಮರಾಜನಗರದ ಒಂದು ಶೆಡ್ಡಿನಲ್ಲಿ ಅವಳು ಹನ್ನೊಂದು ವರ್ಷಗಳಿಂದ ರೇಷ್ಮೆ ನೂಲು ತೆಗೆಯುವ ಕೆಲಸ ಮಾಡುತ್ತಿದ್ದಳು. ಕೈ ಇಡಲಾಗದಷ್ಟು ಬಿಸಿಯಾದ ನೀರಿನ ತೊಟ್ಟಿಯಲ್ಲಿ ಗೂಡುಗಳು ತೇಲುತ್ತಿರುತ್ತವೆ. ಅದರಲ್ಲಿ ಕೈಯಾಡಿಸಿ, ಕಣ್ಣಿಗೆ ಸರಿಯಾಗಿ ಕಾಣದಂಥ ಎಳೆಯ ತುದಿಯನ್ನು ಹುಡುಕಿ, ತಿರುಗುವ ರಾಟೆಗೆ ಕೊಡಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಬಸ್ಸಿನಲ್ಲಿ ಅವಳು ನನ್ನ ಪಕ್ಕ ಬಂದು ಕೂತ ದಿನ ಆ ಕೈಗಳಿಗೆ ಏನೋ ಚರ್ಮರೋಗ ಎಂದುಕೊಂಡು ನಾನು ಕಿಟಕಿಯ ಕಡೆಗೆ ಸರಿದಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು ಇದು. ಚಾಮರಾಜನಗರ, ಗುಂಡ್ಲುಪೇಟೆ ಆಗಿನ್ನೂ ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಹಳ್ಳಿ ಹೆಣ್ಣುಮಕ್ಕಳಿಗೆ ಧೈರ್ಯ ಬರಲಿ ಎಂದು ಆರು ದಿನದ ಸಾಹಸ ಪ್ರವಾಸವೊಂದನ್ನು ಯಾರೋ ಪುಣ್ಯಾತ್ಮರು ಏರ್ಪಡಿಸಿದ್ದರು. ಒಂದು ಟೂರಿಸ್ಟ್ ಬಸ್ಸು, ಎರಡೂ ತಾಲ್ಲೂಕುಗಳಿಂದ ಆರಿಸಿದ ಇಪ್ಪತ್ತೆಂಟು ಹೆಂಗಸರು, ಹಗ್ಗ, ಹೆಲ್ಮೆಟ್ಟು, ಪ್ಯಾರಾಚೂಟು ತುಂಬಿದ ನಾಲ್ಕು ಟ್ರಂಕು. ಮುಂದಾಳಾಗಿ ಸೈನ್ಯದಿಂದ ನಿವೃತ್ತರಾಗಿದ್ದ ಒಬ್ಬ ತರಬೇತುದಾರರು. ನಾವು ಅವರನ್ನು ಕ್ಯಾಂಪ್ ಸರ್ ಎಂದು ಕರೆಯುತ್ತಿದ್ದೆವು. ನಾನು ಟಿ.ಸಿ.ಎಚ್. ಶಿಕ್ಷಕ ತರಬೇತಿ ಮುಗಿಸಿ ಕೆಲಸದ ಆದೇಶಕ್ಕೆ ಕಾಯುತ್ತ ಗುಂಡ್ಲುಪೇಟೆಯ ಮನೆಯಲ್ಲಿ ಕೂತಿದ್ದೆ. ಅರಣ್ಯ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ, 'ಮನೇಲಿ ಕೂತು ಕಾದಂಬರಿ ಓದೋದಕ್ಕಿಂತ ಇದು ಮೇಲು' ಎಂದು ನನ್ನ ಹೆಸರು ಬರೆಸಿದ್ದರು.

ಎಲ್ಲರೂ ಬೆನ್ನಿಗೆ ಹಾಕಿಕೊಳ್ಳುವ ಚೀಲ ತರಬೇಕೆಂದು ಹೇಳಿದ್ದರು. ಬಸ್ಸು ಹೊರಟದ್ದು ಚಾಮರಾಜನಗರದಿಂದ. ನಾನು ಹಿಂದಿನ ದಿನವೇ ಬಂದು ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದೆ. ಬೆಳಿಗ್ಗೆ ಬಸ್ಸು ಹತ್ತಿ ಕೂತಾಗ, ಮಗಳ ಸ್ಕೂಲ್ ಬ್ಯಾಗನ್ನು ಬೆನ್ನಿಗೇರಿಸಿಕೊಂಡು ಒಬ್ಬಳು ಹತ್ತಿದಳು. ಚೀಲದ ಮೇಲೆ ಗಿಳಿಯ ಚಿತ್ರ. ಮೂವತ್ತೈದರ ಹೆಂಗಸಿನ ಬೆನ್ನಿಗೆ ಅದು ತೀರ ಚಿಕ್ಕದಾಗಿ, ಪಟ್ಟಿಗಳು ಕಂಕುಳವರೆಗೆ ಬಿಗಿದಿದ್ದವು. ಕೆಳಗೆ ಹತ್ತು ವರ್ಷದ ಹುಡುಗಿಯೊಬ್ಬಳು ಪುಸ್ತಕಗಳನ್ನು ವೈರ್ ಬುಟ್ಟಿಯಲ್ಲಿಟ್ಟುಕೊಂಡು, ಅಜ್ಜಿಯ ಕೈ ಹಿಡಿದು ನಿಂತಿದ್ದಳು.

"ಆರು ದಿನ ಬುಟ್ಟೀಲಿ ತಕ್ಕೊಂಡೋಗ್ತೀನಿ ಓಗವ್ವ ಅಂದ್ಳು ಮಗ," ಎಂದು ನನ್ನ ಪಕ್ಕ ಕೂರುತ್ತ ತಾನಾಗಿಯೇ ಹೇಳಿದಳು. ಮಗಳನ್ನು ಅವಳು ಮಗ ಎಂದೇ ಅನ್ನುತ್ತಿದ್ದಳು. "ಅತ್ತೆ ಏನಂತು ಗೊತ್ತಾ? ಓಗು, ನಿನ್ನ ಕೈಗೂ ಆರು ದಿನ ರಜ ಸಿಕ್ಕಲಿ ಅಂತು."

ನಾನು ನಕ್ಕೆ. ಆದರೆ ಆ ಕೈಗಳನ್ನು ಆಗಲೇ ನೋಡಿದ್ದೆ.

ಕ್ಯಾಂಪ್ ಸರ್ ಹಾಜರಿ ಕರೆದರು. ಒಂದು ಹೆಸರಿಗೆ ಯಾರೂ ಓಗೊಡಲಿಲ್ಲ. ಎರಡನೇ ಸಲ ಕರೆದಾಗ ಇವಳು ಬೆಚ್ಚಿಬಿದ್ದು, "ನಾನೇ ಸಾ!" ಎಂದು ಕೈಯೆತ್ತಿದಳು. ಅವರ ಮಹಿಳಾ ಸಂಘದಿಂದ ಬೇರೊಬ್ಬಳನ್ನು ಆರಿಸಿದ್ದರಂತೆ. ಆ ಹುಡುಗಿಯ ಮಾವ ಕೊನೆ ಗಳಿಗೆಯಲ್ಲಿ ಒಪ್ಪಲಿಲ್ಲವಂತೆ. ಪಟ್ಟಿ ತಿದ್ದಲು ಸಮಯವಿರಲಿಲ್ಲ. "ಬ್ಯಾರೆಯೋರ ಎಸರಲ್ಲಿ ಬಂದೀನಿ ಕಣಮ್ಮಿ. ಕರೆದ್ರೆ ಓ ಅನ್ನಾಕ ಮರ್ತೋಯ್ತದ," ಎಂದು ನನ್ನ ಕಿವಿಯಲ್ಲಿ ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ಇಡೀ ಬಸ್ಸಿಗೆ ಆ ಕತೆ ಗೊತ್ತಾಗಿ, ಅವಳ ಕೆಲಸದ ಮೇಲಿಂದ ಎಲ್ಲರೂ ಅವಳನ್ನು ನೂಲಿನಕ್ಕ ಎಂದು ಕರೆಯತೊಡಗಿದರು. ಕಡೆಯವರೆಗೆ ನನಗೂ ಅವಳು ನೂಲಿನಕ್ಕನೇ.

ಗುಂಡ್ಲುಪೇಟೆ ದಾಟಿ ಕೇರಳದ ರಸ್ತೆ ಹಿಡಿದೆವು. ಆ ರಸ್ತೆಯ ಕಾಡಂಚಿನ ಮದ್ದೂರಿನ ಚೆಕ್‌ಪೋಸ್ಟಿನಲ್ಲಿ ಪೊಲೀಸರು ಬಸ್ಸು ನಿಲ್ಲಿಸಿ ಹತ್ತಿ, ಟ್ರಂಕು ತೆಗೆಸಿ ನೋಡಿದರು. ಕಾಡುಗಳ್ಳರ ಹುಡುಕಾಟ ನಡೆಯುತ್ತಿದ್ದ ಆ ವರ್ಷಗಳಲ್ಲಿ ಕಾಡಿನ ದಾರಿಯಲ್ಲಿ ಅದು ಮಾಮೂಲು. ತಪಾಸಣೆ ನಡೆಯುತ್ತಿದ್ದಾಗ ಅಕ್ಕ ಒಂದು ಡಬ್ಬಿ ತೆರೆದು ಕಜ್ಜಾಯ ತೆಗೆದು, ಆ ಬೆಳ್ಳನೆಯ ಬೆರಳುಗಳಲ್ಲಿ ಹಿಡಿದು ನನ್ನ ಮುಂದೆ ಚಾಚಿದಳು. ಬೇಡ ಎನ್ನಲು ಬಾಯಿ ಬರಲಿಲ್ಲ. ತೆಗೆದುಕೊಂಡೆ. ಅವಳು ಅತ್ತ ತಿರುಗಿ ಹಿಂದಿನ ಸೀಟಿನವರಿಗೆ ಕೊಡುತ್ತಿದ್ದಾಗ ಕಿಟಕಿಯಿಂದ ಕೈ ಹೊರಹಾಕಿ ಬಿಟ್ಟುಬಿಟ್ಟೆ. ಕೆಳಗಿದ್ದ ಕೋತಿಯೊಂದು ಅದನ್ನು ಎತ್ತಿಕೊಂಡು ಓಡಿತು. ಅಕ್ಕ ತಿರುಗಿ, "ಚೆಂದಾಗಿತ್ತಾ?" ಎಂದಳು. "ತುಂಬಾ," ಎಂದೆ.

ವಯನಾಡಿನಲ್ಲಿ ಎರಡು ದಿನ ಇದ್ದೆವು. ಅಲ್ಲಿ ತೊರೆಯೊಂದರ ಎರಡೂ ದಡದ ಮರಗಳಿಗೆ ಹಗ್ಗ ಬಿಗಿದು, ಅದಕ್ಕೆ ಜೋತುಬಿದ್ದು ದಾಟಬೇಕಿತ್ತು. ಚೂಡಿದಾರ ಹಾಕಿಕೊಂಡು ಬಂದಿದ್ದ ನಮ್ಮಂಥ ಹುಡುಗಿಯರೇ ಹಿಂದೆ ಮುಂದೆ ನೋಡುತ್ತಿದ್ದೆವು. ಅಕ್ಕ ಸೀರೆಯ ಮೇಲೆ ಕ್ಯಾಂಪಿನವರು ಕೊಟ್ಟ ಪ್ಯಾಂಟು ಏರಿಸಿ, ಸೆರಗನ್ನು ಸೊಂಟಕ್ಕೆ ಸುತ್ತಿ ಹೊರಟಳು. ಮಧ್ಯಕ್ಕೆ ಹೋದವಳಿಗೆ ಮುಂದಕ್ಕೂ ಹೋಗಲಾಗಲಿಲ್ಲ, ಹಿಂದಕ್ಕೂ ಬರಲಾಗಲಿಲ್ಲ. "ಸಾ, ಇಲ್ಲೇ ಮನೆ ಕಟ್ಕಂಬುಡ್ತೀನಿ," ಎಂದು ಕೂಗಿದಳು. ನಾವೆಲ್ಲ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ಆ ನಗುವಿನಲ್ಲಿ ನನ್ನ ಹೆದರಿಕೆಯೂ ಹೋಗಿ, ಅವಳ ಹಿಂದೆಯೇ ನಾನೂ ದಾಟಿದೆ. ಆ ಸಂಜೆ ಅವಳು ಕೊಟ್ಟ ಹುಚ್ಚೆಳ್ಳು ಚಟ್ನಿಪುಡಿಯನ್ನು ಅವಳ ತಟ್ಟೆಯಿಂದಲೇ ತೆಗೆದುಕೊಂಡು ತಿಂದೆ.

ಅವಳಿಗೆ ಒಂದು ಮಾತಿನ ಅಭ್ಯಾಸವಿತ್ತು. ಏನೇ ಕಳೆದುಹೋಗಲಿ, ಯಾವುದೇ ಕೆಲಸ ನಿಂತುಹೋಗಲಿ, "ಎಳೆ ಸಿಕ್ತದ ಬುಡು" ಎನ್ನುವಳು. ಬಸ್ಸಿನ ಟೇಪ್‌ರೆಕಾರ್ಡರ್ ಕ್ಯಾಸೆಟ್ಟಿನ ರೀಲನ್ನು ನುಂಗಿದಾಗ ಹೀಗೆಂದು ಅರ್ಧ ಗಂಟೆ ಕೂತು ಅದನ್ನು ಬಿಡಿಸಿ, ಪೆನ್ನು ತೂರಿಸಿ ಸುತ್ತಿ ಕೊಟ್ಟಿದ್ದಳು. ಇನ್ನೊಂದು ಅಭ್ಯಾಸವೆಂದರೆ, ಕೂತಲ್ಲಿ ತನ್ನ ಸೆರಗಿನ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜುತ್ತಲೇ ಇರುವುದು. ಅಂಗಡಿಯಲ್ಲಿ ಯಾವ ಬಟ್ಟೆ ಮುಟ್ಟಿದರೂ ಅದು ಎಂಥ ನೂಲು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದಳು. ವಯನಾಡಿನಿಂದ ಊಟಿಗೆ ಹೋದಾಗ ಅಲ್ಲಿನ ಮಾರುಕಟ್ಟೆಯಲ್ಲಿ ಒಬ್ಬ ವ್ಯಾಪಾರಿ ಶುದ್ಧ ರೇಷ್ಮೆ ಎಂದು ತೋರಿಸಿದ ಶಾಲನ್ನು ಮುಟ್ಟಿ, "ಇದು ಉಳಾನೇ ಕಂಡಿಲ್ಲ ಕಣಪ್ಪ," ಎಂದುಬಿಟ್ಟಳು. ಅವನಿಗೆ ಕನ್ನಡ ಗೊತ್ತಿತ್ತು. ನಾವು ಅಲ್ಲಿಂದ ಓಡಬೇಕಾಯಿತು.

ಊಟಿಯ ಚಳಿಗೆ ಅವಳ ಅಂಗೈ ಬಿರಿದು ರಕ್ತ ಜಿನುಗಿತು. ಕೋಣೆಯಲ್ಲಿ ನಾನು ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ ಅವಳ ಎರಡೂ ಕೈಗಳಿಗೆ ಹಚ್ಚಿದೆ. ಮೊದಲ ಸಲ ಆ ಕೈಗಳನ್ನು ಮುಟ್ಟಿದ್ದು ಆಗಲೇ. ಮೇಲ್ಪದರ ಮೆತ್ತಗೆ, ನೆನೆದ ಕಾಗದದಂತೆ ಇತ್ತು. ಇನ್ನೇನು ಕಿತ್ತು ಬರುತ್ತದೇನೋ ಎನ್ನಿಸಿತು. ಅವಳು ನನ್ನ ಮುಖ ನೋಡುತ್ತ ಕೂತಿದ್ದಳು. ಆಮೇಲೆ, "ನನ್ನ ಗಂಡ ಸತ್ತ ಮ್ಯಾಲೆ ಈ ಕೈಯ ಯಾರೂ ಇಡಿದಿರ್ಲಿಲ್ಲ ಕಣಮ್ಮಿ. ಮಗ ಇಡೀತದ ಅಷ್ಟೆ," ಎಂದಳು.

ಇಷ್ಟೆಲ್ಲ ಆದ ಮೇಲೂ ನಾನು ಮಾಡಿದ ಕೆಲಸವನ್ನು ಈಗ ಹೇಳಬೇಕು.

ಐದನೆಯ ದಿನ ಬಂಡೀಪುರದ ದಾರಿಯಾಗಿ ವಾಪಸು ಬಂದು ಗುಂಡ್ಲುಪೇಟೆಯ ಹತ್ತಿರದ ಒಂದು ಬಂಡೆಬೆಟ್ಟದ ಬುಡದಲ್ಲಿ ಬಸ್ಸು ನಿಲ್ಲಿಸಿದೆವು. ಮೂರು ತೆಂಗಿನಮರದಷ್ಟು ಎತ್ತರದ ಬೋಳುಬಂಡೆ. ಅದರ ನೆತ್ತಿಯಿಂದ ಹಗ್ಗದ ಸಹಾಯದಲ್ಲಿ ಇಳಿಯಬೇಕು. ಕ್ಯಾಂಪ್ ಸರ್ ಎಲ್ಲರಿಗೂ ವಿವರಿಸಿದರು. ಪ್ರತಿಯೊಬ್ಬರಿಗೂ ಎರಡು ಹಗ್ಗ. ಒಂದು ಇಳಿಯುವ ಹಗ್ಗ; ಅದು ಸೊಂಟದ ಪಟ್ಟಿಗೆ ಸಿಕ್ಕಿಸಿದ ಉಕ್ಕಿನ ಬಳೆಯ ಮೂಲಕ ಹಾದು ಬರುತ್ತದೆ. ಎರಡನೆಯದನ್ನು ಅವರು ಜೀವದ ಹಗ್ಗ ಎಂದರು. ಅದರ ಒಂದು ತುದಿ ಇಳಿಯುವವಳ ಸೊಂಟಕ್ಕೆ ಕಟ್ಟಿರುತ್ತದೆ. ಇನ್ನೊಂದು ತುದಿಯನ್ನು ಬಂಡೆಯ ಮೇಲೆ ಜೊತೆಗಾರ್ತಿ ಮರಕ್ಕೊಂದು ಸುತ್ತು ಹಾಕಿ ಹಿಡಿದಿರಬೇಕು. ಇಳಿಯುವವಳು ಜಾರಿದರೆ ಉಳಿಸುವುದು ಅದೇ. "ಬಸ್ಸಿನ ಸೀಟಿನ ಜೋಡಿಯೇ ಹಗ್ಗದ ಜೋಡಿ," ಎಂದರು ಸರ್.

ನನ್ನ ಕಣ್ಣ ಮುಂದೆ ಬಂದದ್ದು ಊಟಿಯಲ್ಲಿ ನಾನು ಎಣ್ಣೆ ಹಚ್ಚಿದ ಆ ಕೈಗಳು. ಅಕ್ಕ ನನಗೆ ಇಷ್ಟವಾಗಿದ್ದಳು, ನಿಜವಾಗಿಯೂ ಇಷ್ಟವಾಗಿದ್ದಳು. ಆದರೆ ಜೀವವನ್ನು ಆ ಸುಲಿದ ಚರ್ಮದ ಕೈಗೆ ಕೊಡಲು ಮನಸ್ಸು ಒಪ್ಪಲಿಲ್ಲ. ಬುತ್ತಿ ತಿಂದು ಎಲ್ಲರೂ ಚದುರಿದ ಮೇಲೆ ಬಸ್ಸಿನ ಹಿಂಬದಿಯಲ್ಲಿ ಟ್ರಂಕು ಇಳಿಸುತ್ತಿದ್ದ ಕ್ಯಾಂಪ್ ಸರ್ ಹತ್ತಿರ ಹೋದೆ.

"ಸರ್, ನನ್ನ ಜೋಡಿ ಬದಲಾಯಿಸ್ತೀರಾ?"

"ಯಾಕಮ್ಮ?"

"ಅವರ ಕೈ... ನೋಡಿದ್ದೀರಲ್ಲ ಸರ್. ಹಗ್ಗ ಹಿಡಿಯೋಕೆ ಆಗೋ ಥರ ಇಲ್ಲ. ನನಗೆ ಹೆದರಿಕೆ ಆಗುತ್ತೆ."

ಅವರು ಕೈಯಲ್ಲಿದ್ದ ಹಗ್ಗದ ಸಿಂಬಿಯನ್ನು ಕೆಳಗಿಟ್ಟರು. "ಆಗಲ್ಲ ಅಂತ ಅವರು ಹೇಳಿದ್ರಾ?"

"ಇಲ್ಲ."

"ನಾಲ್ಕು ದಿನದಿಂದ ಅವರ ಕೆಲಸ ನಾನೂ ನೋಡ್ತಾ ಇದ್ದೀನಿ. ಜೋಡಿ ಹಾಗೇ ಇರುತ್ತೆ. ಇಳಿಯೋಕೆ ಇಷ್ಟ ಇಲ್ಲದಿದ್ರೆ ಇಳಿಯಬೇಡಿ. ಯಾರೂ ನಗೋದಿಲ್ಲ."

ಮುಖ ಬಿಸಿಯಾಗಿ ಹಿಂದಿರುಗಿದೆ. ಅಕ್ಕ ಬಸ್ಸಿನ ಆ ಬದಿಯಿಂದ ತೊಳೆದ ಡಬ್ಬಿ ಒರೆಸಿಕೊಳ್ಳುತ್ತ ಬಂದು, "ಬಾಮ್ಮಿ, ಓಗನ. ಲೈನಲ್ಲಿ ಮುಂದ್ಗಡೆ ನಿಂತ್ಕಂಡ್ರೆ ಬೇಗ್ನೆ ಆಯ್ತದ," ಎಂದಳು. ಅವಳ ದನಿಯಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ. ಸದ್ಯ, ಗೊತ್ತಾಗಲಿಲ್ಲ ಎಂದುಕೊಂಡೆ.

ಮೊದಲು ನಾನು ಇಳಿಯುವುದು, ಆಮೇಲೆ ಅವಳು ಎಂದು ನಿಶ್ಚಯವಾಯಿತು. ಅವಳಿಗೆ ಇಳಿಯಬೇಕೆಂಬ ಆಸೆ ನನಗಿಂತ ಹೆಚ್ಚು. ಬೆಟ್ಟ ಹತ್ತುವಾಗಲೇ, "ಮಗಕ್ಕ ಏಳಬೇಕು, ನಿಮ್ಮವ್ವ ಬಂಡೆ ಮ್ಯಾಲೆ ಓತಿಕ್ಯಾತನ ತರ ನಡದ್ಳು ಅಂತ," ಎಂದು ಹೇಳುತ್ತಲೇ ಬಂದಿದ್ದಳು. ನಾನು ಬಂಡೆಯ ಅಂಚಿಗೆ ಬೆನ್ನು ಮಾಡಿ ನಿಂತೆ. ಅಕ್ಕ ಮರದ ಬುಡದಲ್ಲಿ ಕಾಲೂರಿ ಕೂತು ಹಗ್ಗ ಹಿಡಿದು, "ಓಗು ಕಣಮ್ಮಿ, ನಾನಿವ್ನಿ," ಎಂದಳು.

ನನಗೆ ಆಗ ಸೊಂಟ ದಾಟುವ ಜಡೆ. ಅದನ್ನು ಅಂಗಿಯೊಳಗೆ ಸೇರಿಸಿಕೊಳ್ಳಿ ಎಂದು ಸರ್ ಎರಡು ಸಲ ಹೇಳಿದ್ದರು. ಸೇರಿಸಿಯೂ ಇದ್ದೆ. ಅರ್ಧ ಇಳಿದಿದ್ದೆನೋ ಏನೋ, ಕಾಲಿಡಲು ಜಾಗ ನೋಡುತ್ತ ಬಗ್ಗಿದಾಗ ಅದು ಹೊರಬಂದು ಮುಂದಕ್ಕೆ ಜೋತುಬಿತ್ತು. ಹಗ್ಗದ ಜೊತೆಗೇ ಸರಕ್ಕನೆ ಉಕ್ಕಿನ ಬಳೆಯೊಳಗೆ ಹೋಯಿತು. ತಲೆ ಒಮ್ಮೆಲೇ ಕೆಳಕ್ಕೆ ಎಳೆದುಕೊಂಡು ಗಲ್ಲ ಎದೆಗೆ ಅಂಟಿತು. ಕೆಳಗೆ ಒಂದಿಂಚು ಜಾರಿದರೆ ಇನ್ನೊಂದಿಂಚು ಕೂದಲು ಒಳಗೆ ಹೋಗುತ್ತಿತ್ತು. ನೆತ್ತಿಯ ಚರ್ಮವೇ ಕಿತ್ತು ಬರುತ್ತದೆ ಎನ್ನುವ ನೋವು. ನಾನು ಕಿರುಚಿದೆ. ಮೇಲಿಂದ ಸರ್, "ಅಲ್ಲಾಡಬೇಡಿ! ಕಾಲು ಬಂಡೆಗೆ ಒತ್ತಿ, ಹಾಗೇ ಇರಿ!" ಎಂದು ಕೂಗಿದ್ದು ಕೇಳಿತು.

ಮುಂದಿನದನ್ನು ಮೇಲಿದ್ದ ಗೆಳತಿಯರು ಆಮೇಲೆ ಹೇಳಿದ್ದು. ಜಡೆ ಬಿಡಬೇಕಾದರೆ ಬಳೆಯ ಮೇಲಿನ ಭಾರ ಪೂರ್ತಿ ಇಳಿಯಬೇಕು. ಅಂದರೆ ನನ್ನ ಇಡೀ ದೇಹವನ್ನು ಜೀವದ ಹಗ್ಗವೊಂದೇ ಹೊರಬೇಕು. ನನ್ನ ಬಳಿಗೆ ಇಳಿದು ಬಂದು ಜಡೆ ಬಿಡಿಸಬಲ್ಲವರು ಕ್ಯಾಂಪ್ ಸರ್ ಒಬ್ಬರೇ. ಅವರ ಸಹಾಯಕ ಬಂಡೆಯ ಬುಡದಲ್ಲಿದ್ದ. ಸರ್ ಅಕ್ಕನನ್ನು ನೋಡಿ, "ಹಿಡೀತೀರಾ?" ಎಂದರಂತೆ.

"ಇಡಿದಿವ್ನಿ, ನೀವ್ ಇಳೀರಿ ಸಾ."

ಅವರು ಇನ್ನೊಂದು ಹಗ್ಗದಲ್ಲಿ ಇಳಿಯತೊಡಗಿದ ಕೂಡಲೇ ಅಕ್ಕ ಕೈಗವಸುಗಳನ್ನು ಒಂದೊಂದಾಗಿ ಹಲ್ಲಿನಿಂದ ಕಚ್ಚಿ ಎಳೆದು ಬಿಸಾಡಿದಳಂತೆ. ಕ್ಯಾಂಪಿನವರು ಕೊಟ್ಟ, ಗಂಡಸರ ಅಳತೆಯ ದಪ್ಪ ಚರ್ಮದ ಕವಸು ಅವು; ತೊಟ್ಟರೆ ಹಗ್ಗದ ಕದಲಿಕೆ ಬೆರಳಿಗೆ ತಿಳಿಯುತ್ತಿರಲಿಲ್ಲ. ಸಹಾಯಕ್ಕೆಂದು ಹಗ್ಗ ಹಿಡಿಯಲು ಬಂದವರನ್ನು, "ಯಾರೂ ಅಗ್ಗ ಮುಟ್ಬ್ಯಾಡಿ! ನನ್ನ ಸೊಂಟ ಇಡ್ಕಳಿ," ಎಂದು ಗದರಿದಳಂತೆ. ಬಂಡೆಯ ಉಬ್ಬು ಅಡ್ಡವಿದ್ದುದರಿಂದ ಮೇಲಿನವರಿಗೆ ನಾನು ಕಾಣುತ್ತಿರಲಿಲ್ಲ. ಅಕ್ಕ ಕಣ್ಣು ಮುಚ್ಚಿಕೊಂಡು, ಹಿಂದಕ್ಕೆ ವಾಲಿ, ಹಗ್ಗವನ್ನು ಗೇಣುಗೇಣಾಗಿ ಮೇಲಕ್ಕೆಳೆದು ನನ್ನ ಭಾರವನ್ನು ತೆಗೆದುಕೊಂಡಳು. ಸೊಂಟ ಹಿಡಿದಿದ್ದ ಒಬ್ಬ ಗೆಳತಿ ಹೇಳಿದ್ದು ನನಗೆ ಈಗಲೂ ನೆನಪಿದೆ: "ನೀನು ಒದ್ದಾಡಿದ್ರೆ 'ಒದ್ದಾಡ್ತಾ ಅವ್ಳೆ' ಅಂತಿದ್ದಳು. ಆಮೇಲೆ 'ಅಳ್ತಾ ಅವ್ಳೆ ಕಣ್ರವ್ವ, ಅಗ್ಗ ನಡುಗ್ತಾ ಅದ' ಅಂದ್ಳು."

ನಿಜ, ನಾನು ಅಳುತ್ತಿದ್ದೆ. ಆದರೆ ಕೆಳಗೆ ಜೋತಾಡುತ್ತಿದ್ದ ನನಗೂ ಒಂದು ಗೊತ್ತಾಗುತ್ತಿತ್ತು. ಸೊಂಟದ ಪಟ್ಟಿ ಮೆಲ್ಲಗೆ ಮೇಲಕ್ಕೆಳೆಯಿತು, ಜಗ್ಗಲಿಲ್ಲ. ನಾನು ಉಸಿರು ತೆಗೆದುಕೊಂಡರೆ ಹಗ್ಗ ಒಂದು ಕೂದಲೆಳೆಯಷ್ಟು ಸಡಿಲವಾಗಿ, ಉಸಿರು ಬಿಟ್ಟರೆ ಮತ್ತೆ ಬಿಗಿಯುತ್ತಿತ್ತು. ಅಷ್ಟು ಎತ್ತರದಲ್ಲಿ ಯಾರೋ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡಂತೆ ಅನ್ನಿಸಿ, ಒದ್ದಾಟ ನಿಂತಿತು. ಸರ್ ಬಳಿ ಬಂದು ಚಾಕು ತೆಗೆದು ಜಡೆಯ ಅರ್ಧವನ್ನು ಕತ್ತರಿಸಿ, ಉಳಿದದ್ದನ್ನು ಬಿಡಿಸಿದರು. ಕಾಲು ಗಂಟೆಗೂ ಹೆಚ್ಚು ಹಿಡಿಯಿತು. ಆಮೇಲೆ ಅದೇ ಹಗ್ಗ ನನ್ನನ್ನು ಬುಡದವರೆಗೆ ಇಳಿಸಿತು. ಎಲ್ಲಿಯೂ ಒಂದು ಕುಲುಕು ಇಲ್ಲ.

ಅಕ್ಕ ಬೆಟ್ಟದ ಹಿಂದಿನ ಕಾಲುದಾರಿಯಿಂದ ನಡೆದು ಬಂದಳು. ಇಬ್ಬರು ಹಿಡಿದುಕೊಂಡಿದ್ದರು. ಎರಡೂ ಅಂಗೈಗಳ ಚರ್ಮ ಸುರುಳಿ ಸುರುಳಿಯಾಗಿ ಎದ್ದಿತ್ತು. ಸರ್ ಔಷಧಿ ಹಾಕಿ ಬ್ಯಾಂಡೇಜು ಸುತ್ತಿ, "ಇವತ್ತು ನೀವು ಇಳಿಯೋ ಹಾಗಿಲ್ಲ," ಎಂದರು. ಅವಳು ಬಂಡೆಯನ್ನು ಒಮ್ಮೆ ಬುಡದಿಂದ ನೆತ್ತಿಯವರೆಗೆ ನೋಡಿ, "ಎಳೆ ಸಿಕ್ತದ ಬುಡಿ ಸಾ," ಎಂದಳು. ದನಿ ಮಾತ್ರ ಸಣ್ಣಗಾಗಿತ್ತು. ಅವಳು ಆ ಬಂಡೆಯನ್ನು ಮುಂದೆಂದೂ ಇಳಿಯಲಿಲ್ಲ.

ಬಸ್ಸು ಹೊರಟಿತು. ಅವಳಿಗೆ ನೀರಿನ ಲೋಟ ಹಿಡಿಯಲೂ ಆಗುತ್ತಿರಲಿಲ್ಲ, ನಾನೇ ಕುಡಿಸಿದೆ. ಲೋಟ ಕೆಳಗಿಟ್ಟು ಹೇಳಿದೆ. "ಅಕ್ಕ, ನಿಂಗೊಂದು ಹೇಳಬೇಕು."

"ಬಸ್ಸಿನ ಇಂದ್ಗಡೆ ಓಗಿ ಸಾರ್‌ನ ಕೇಳ್ದೆಯಲ್ಲ, ಅದಾ?" ಎಂದಳು, ಕಿಟಕಿಯ ಹೊರಗೆ ನೋಡುತ್ತ. "ಗೊತ್ತು ಬುಡು. ನಾನು ಆ ಮಗ್ಗುಲಲ್ಲೇ ಡಬ್ಬಿ ತೊಳೀತಿದ್ದೆ."

"ಮತ್ತೆ ಯಾಕೆ ಏನೂ ಅನ್ನಲಿಲ್ಲ?"

"ಅಂದಿದ್ರೆ ನೀ ಇಳೀತಿದ್ದಾ? ಮೊದ್ಲೇ ಎದರ್ಕಂಡಿದ್ದೆ." ನನ್ನ ಕಡೆ ತಿರುಗಿದಳು. "ನಿನ್ನ ಜಾಗದಲ್ಲಿದ್ರೆ ನಾನೂ ಕೇಳ್ತಿದ್ನೇನೋ ಕಣಮ್ಮಿ. ಜೀವ ಅಲ್ವಾ."

ನಾನು ಅಳತೊಡಗಿದೆ. ಅವಳು ಬ್ಯಾಂಡೇಜಿನ ಕೈಯಿಂದ ನನ್ನ ಕತ್ತರಿಸಿದ ಜಡೆಯನ್ನು ನೇವರಿಸಿ, ಆಮೇಲೆ ಇನ್ನೊಂದು ಮಾತು ಹೇಳಿದಳು. "ಆದ್ರೂ ವಸಿ ನೋವಾಯ್ತು. ಎಣ್ಣೆ ಅಚ್ಚಿದ್ದೆಯಲ್ಲ, ಅದ್ಕೆ."

ಕೊನೆಯ ದಿನ ಚಾಮರಾಜನಗರದ ಹತ್ತಿರ ಒಣಗಿದ ಕೆರೆಯಂಗಳದಲ್ಲಿ ಪ್ಯಾರಾಚೂಟಿನ ಹಾರಾಟ. ಜೀಪು ಹಗ್ಗದಿಂದ ಎಳೆದುಕೊಂಡು ಓಡುತ್ತದೆ, ಪ್ಯಾರಾಚೂಟು ಕಟ್ಟಿಕೊಂಡವರು ಗಾಳಿಗೆ ಏರುತ್ತಾರೆ. ಹಿಡಿತದ ಕೆಲಸ ಹೆಚ್ಚಿಲ್ಲ, ಸೊಂಟದ ಪಟ್ಟಿಯೇ ಹೊತ್ತುಕೊಳ್ಳುತ್ತದೆ ಎಂದು ಸರ್ ಮೊದಲ ಅವಕಾಶವನ್ನು ಅಕ್ಕನಿಗೇ ಕೊಟ್ಟರು. ಸುತ್ತಮುತ್ತಲ ಹಳ್ಳಿಯವರು ಕೆರೆಯ ಏರಿಯ ಮೇಲೆ ನೆರೆದಿದ್ದರು. ಅವಳ ಅತ್ತೆ, ಮಗಳೂ ಬಂದಿದ್ದರು. ಸುತ್ತಿದ ಎರಡೂ ಕೈಗಳನ್ನು ಪಟ್ಟಿಗಳಿಗೆ ತೂರಿಸಿಕೊಂಡು ಅವಳು ನಾಲ್ಕು ಹೆಜ್ಜೆ ಓಡಿದಳು. ಐದನೆಯ ಹೆಜ್ಜೆಗೆ ನೆಲವಿರಲಿಲ್ಲ. ಮೇಲೆ, ಮೇಲೆ, ಹುಣಸೆಮರಗಳಿಗಿಂತ ಮೇಲೆ ಹೋದಳು. "ಅಯ್ಯೋ, ಎಲ್ಲಾ ಕಾಣ್ತದ ಕಣವ್ವೋ! ರೈಲ್ವೆ ಟೇಸನ್ನು ಕಾಣ್ತದ! ನಮ್ ಶೆಡ್ಡಿನ ಒಗೆ ಕಾಣ್ತದ!" ಎಂಬ ಕೂಗು ಆಕಾಶದಿಂದ ಬಂತು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು, "ಇಳಿಸ್ರಪ್ಪೋ, ನಮ್ಮ ಉಡುಗಿಯ ಇಳಿಸ್ರಪ್ಪೋ," ಎಂದು ಜೀಪಿನ ಹಿಂದೆ ಓಡಿದರು. ಕೆಳಗಿಳಿದ ಮೇಲೆ ಅಕ್ಕ ಮಣ್ಣಿನಲ್ಲೇ ಕೂತು ಬಹಳ ಹೊತ್ತು ಏಳಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ. "ಬರೀ ಇಷ್ಟೇಯಾ ಕಣಮ್ಮಿ ನಮ್ಮೂರು? ಇಷ್ಟರೊಳಗೆ ನಾನು ಎಷ್ಟು ಎದರ್ಕಂಡು ಬದುಕ್ಬುಟ್ಟೆ," ಎಂದಳು.

ಮುಂದಿನ ವರ್ಷ ನನಗೆ ಹರದನಹಳ್ಳಿಯ ಕಡೆ ಶಾಲೆಯಲ್ಲಿ ಕೆಲಸ ಸಿಕ್ಕಿತು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಗುಂಡ್ಲುಪೇಟೆಗೆ ಹೊರಟಾಗ ಚಾಮರಾಜನಗರದಲ್ಲಿ ಇಳಿದು ಅಕ್ಕನ ಶೆಡ್ಡಿಗೆ ಹೋಗುವುದು ರೂಢಿಯಾಯಿತು. ಒಳಗೆ ಹಬೆ, ಬೆಂದ ಹುಳುಗಳ ಕಮಟು ವಾಸನೆ, ರಾಟೆಗಳ ಸದ್ದು. ಆರು ದಿನದ ರಜೆ ಮುಗಿದು, ಬ್ಯಾಂಡೇಜು ಬಿಚ್ಚಿದ ಮರುವಾರವೇ ಅವಳು ಅದೇ ಬಿಸಿನೀರಿಗೆ ಕೈಹಾಕಿದ್ದಳು. ಪ್ರವಾಸ ಅವಳ ಬದುಕನ್ನು ಬದಲಾಯಿಸಿತು ಎಂದು ನಾನು ಬರೆಯಲಾರೆ. ಒಂದು ಮಾತ್ರ ಆಯಿತು. ಬಿಸಿನೀರಿಗೆ ಕೈಹಾಕದೆ ಗೂಡು ತೆಗೆಯಲು ಉದ್ದ ಹಿಡಿಯ ಜಾಲರಿ ಸೌಟುಗಳನ್ನು ಕೊಡಿಸಿ ಎಂದು ಶೆಡ್ಡಿನ ಯಜಮಾನನನ್ನು ಹತ್ತು ಹೆಂಗಸರ ಮುಂದಾಗಿ ನಿಂತು ಕೇಳಿದವಳು ಅವಳೇ. "ಆಕಾಸಕ್ಕೋಗಿ ಬಂದೋಳ್ಗ ಯಜಮಾನ ಏನು ಮಾಡ್ತಾನಮ್ಮಿ," ಎಂದು ನಗುತ್ತಿದ್ದಳು. ಸೌಟುಗಳು ಬಂದವು.

ಅವಳು ನನ್ನನ್ನು ಏನೂ ಕೇಳಿದವಳಲ್ಲ. ಮಗಳು ಹತ್ತನೆಯ ತರಗತಿ ಮುಗಿಸಿದಾಗ ಮಾತ್ರ ಅರ್ಜಿ ತುಂಬಲು ಕರೆದಳು. ಆ ಹುಡುಗಿ ಓದಿ, ತಾಲ್ಲೂಕು ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು. ನನ್ನ ಮದುವೆಯಾಗಿ ಮೈಸೂರಿಗೆ ವರ್ಗವಾದ ಮೇಲೆ ನಮ್ಮ ಭೇಟಿಗಳು ವರ್ಷಕ್ಕೊಂದಕ್ಕೆ ಇಳಿದವು. ಆಮೇಲೆ ಫೋನು. ಫೋನಿನಲ್ಲಿ ಅವಳ ಕೆಮ್ಮು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದುದು ಕೇಳಿಸುತ್ತಿತ್ತು. "ಅಬೆ ಕುಡ್ದು ಕುಡ್ದು ಇಂಗಾಯ್ತು ಬುಡು," ಎನ್ನುವಳು.

ಎರಡು ವರ್ಷದ ಹಿಂದೆ ಅಕ್ಕ ತೀರಿಕೊಂ‍ಡಳು. ಸುದ್ದಿ ನನಗೆ ಮುಟ್ಟಿದ್ದು ಮಣ್ಣು ಮಾಡಿದ ಮರುದಿನ. ನಾನು ಹೋದಾಗ ಅವರ ಮನೆಯ ಮುಂದೆ ಶಾಮಿಯಾನ ಇನ್ನೂ ಬಿಚ್ಚಿರಲಿಲ್ಲ. ಮಗಳಿಗೆ ಈಗ ಅಂದಿನ ಅವಳ ತಾಯಿಗಿಂತ ಹೆಚ್ಚಿನ ವಯಸ್ಸು. ನನ್ನನ್ನು ಒಳಗೆ ಕರೆದು ಕೂರಿಸಿ, ನೆಂಟರಿಗೆಲ್ಲ ಪರಿಚಯ ಮಾಡಿಸಿದಳು.

"ಇವ್ರೇ ಮೇಡಮ್ಮು. ನಮ್ಮವ್ವನ ಬಸ್ಸಿನ ಜೊತೆಗಾರ್ತಿ. ಅವ್ವ ಯಾವಾಗ್ಲೂ ಏಳ್ತಿತ್ತಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ಕೊನೇ ತಿಂಗಳು ಆಸ್ಪತ್ರೇಲೂ ಅದೇ ಕತೆ ಮೇಡಂ. ಬಂಡೆ ಇಳಿಯೋವಾಗ ಆ ಸಾರು ನಿಮಗ ಬ್ಯಾರೆ ಯಾರನ್ನೋ ಜೋಡಿ ಆಕಿದ್ರಂತೆ. ನೀವೇ ಬಸ್ಸಿನ ಇಂದ್ಗಡೆ ಓಗಿ, ಬ್ಯಾಡ ಸಾರ್, ನಂಗ ನೂಲಿನಕ್ಕನೇ ಬೇಕು, ಅಗ್ಗ ಅವ್ಳೇ ಇಡೀಬೇಕು ಅಂತ ಅಟ ಮಾಡಿ ಆಕಿಸ್ಕಂಡ್ರಂತೆ. ಅಷ್ಟು ಜನ ಇದ್ರೂ ನನ್ನ ಕೈಯೇ ಬೇಕು ಅಂತ ಕೇಳ್ದೋಳು ಅವಳೊಬ್ಳೇ ಅಂತಿತ್ತು."

ಎಲ್ಲರೂ ನನ್ನನ್ನು ನೋಡುತ್ತಿದ್ದರು. ಒಬ್ಬ ಮುದುಕಿ ನನ್ನ ಕಡೆ ಕೈಮುಗಿದಳು.

"ಹೌದು," ಎಂದೆ.

ಮೈಸೂರಿಗೆ ಹಿಂದಿರುಗುವ ಬಸ್ಸಿನಲ್ಲಿ ಅದೇ ಯೋಚನೆ. ಬಸ್ಸಿನ ಹಿಂದೆ ನಡೆದದ್ದನ್ನು ಅವಳು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಅದನ್ನು ತಿರುಗಿಸಿ ಹೇಳಿದ್ದಳು. ನನ್ನ ಮಾನ ಉಳಿಸಲು ಹೇಳಿದ್ದಿರಬಹುದು. ಹಾಗೆ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ತನಗಾಗಿಯೇ ಹೇಳಿಕೊಂಡಿದ್ದೂ ಇರಬಹುದು. ಮೊದಲನೆಯದಾದರೆ ನಾನು ಋಣಿ. ಎರಡನೆಯದಾದರೆ, ಅಂದು ನಾನು ಕೇಳಿದ ಆ ಒಂದು ಮಾತು ಅವಳೊಳಗೆ 'ವಸಿ ನೋವು' ಮಾತ್ರ ಆಗಿರಲಿಲ್ಲ. ಯಾವುದೆಂದು ಕೇಳಲು ಈಗ ಅವಳಿಲ್ಲ.

ತುಂಬಿದ ಮನೆಯಲ್ಲಿ ಹೌದು ಎಂದುಬಿಟ್ಟೆ. ಆ ಹೊತ್ತಿಗೆ ಬೇರೇನು ಹೇಳುವುದೂ ಅವಳ ಕೊನೆಯ ಸಂತೋಷವನ್ನು ಕಿತ್ತುಕೊಂಡಂತೆ ಆಗುತ್ತಿತ್ತು. ಆದರೆ ಅವಳ ಮಗಳು ಓದು ಬರಹ ಬಲ್ಲವಳು, ತಾಯಿಯನ್ನು ಇದ್ದ ಹಾಗೆ ತಿಳಿಯುವ ಹಕ್ಕಿರುವವಳು. ಯಾರೂ ಬೇಕೆಂದು ಕೇಳದಿದ್ದಾಗಲೂ, ಬೇಡವೆಂದದ್ದು ಕಿವಿಗೆ ಬಿದ್ದ ಮೇಲೂ, ಕೈಬಿಡದೆ ಹಿಡಿದವಳು ಅವಳ ತಾಯಿ. ಆ ಕತೆಗಿಂತ ಇದು ದೊಡ್ಡದು. ಅದಕ್ಕೇ ಇದನ್ನು ಬರೆದಿದ್ದೇನೆ. ಮೊದಲು ಓದಲು ಆ ಮಗಳಿಗೇ ಕಳಿಸುತ್ತಿದ್ದೇನೆ. ಓದಿ ನನ್ನನ್ನು ಏನು ಬೇಕಾದರೂ ಅನ್ನಲಿ.